ಸುಂಕದ ರಿಯಾಯಿತಿ, ಸೆರೆಮನೆಯ ಬೀಗ: ಶ್ರೀಲಂಕಾದ ಜಿಎಸ್‌ಪಿ ಪ್ಲಸ್ ಪ್ರಕರಣ

ಮಾನವ ಹಕ್ಕುಗಳ ಬಗ್ಗೆ ಐರೋಪ್ಯ ಒಕ್ಕೂಟ ಹೊರಡಿಸುವ ಹೇಳಿಕೆಗಳಿಗೆ ಲೆಕ್ಕವಿಲ್ಲ. ಆದರೆ ಆ ಮಾತಿನ ಹಿಂದೆ ಹಣದ ಭಾರವನ್ನೂ ಇಟ್ಟು, ಷರತ್ತು ಮುರಿದ ದೇಶಕ್ಕೆ ತನ್ನ ಮಾರುಕಟ್ಟೆಯ ಬಾಗಿಲನ್ನು ನಿಜವಾಗಿಯೂ ಅರ್ಧ ಮುಚ್ಚಿದ ಉದಾಹರಣೆಗಳು ಬೆರಳೆಣಿಕೆಯಷ್ಟೇ ಇವೆ. 1997ರಲ್ಲಿ ಮ್ಯಾನ್ಮಾರ್, 2007ರಲ್ಲಿ ಬೆಲಾರೂಸ್, 2010ರಲ್ಲಿ ಶ್ರೀಲಂಕಾ, 2020ರಲ್ಲಿ ಕಾಂಬೋಡಿಯಾ. ಇವುಗಳಲ್ಲಿ ಶ್ರೀಲಂಕಾದ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ಒಂದೇ ದೇಶಕ್ಕೆ ಜಿಎಸ್‌ಪಿ ಪ್ಲಸ್ ಎಂಬ ಒಂದೇ ಸುಂಕ ರಿಯಾಯಿತಿಯನ್ನು ಕೊಟ್ಟು, ಕಿತ್ತುಕೊಂಡು, ಮರಳಿಸಿ, ಮತ್ತೆ ಕಿತ್ತುಕೊಳ್ಳುವ ಎಚ್ಚರಿಕೆ ಕೊಟ್ಟ ಪೂರ್ಣ ಚರಿತ್ರೆ ಇಲ್ಲಿ ಸಿಗುತ್ತದೆ. ಯಾವ ಹೆಜ್ಜೆಗೆ ಏನು ಕದಲಿತು, ಏನು ಕದಲಲಿಲ್ಲ ಎಂಬುದನ್ನು ದಿನಾಂಕ ಹಿಡಿದು ನೋಡಬಹುದು.

ಬಂಧಿತರಾದವರ, ಪ್ರಾಣ ಕಳೆದುಕೊಂಡವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅವರನ್ನು ಪತ್ರಕರ್ತ, ವಕೀಲ, ಕವಿ, ಕಾರ್ಮಿಕ ಎಂದಷ್ಟೇ ಕರೆದಿದ್ದೇನೆ. ಅವರು ಯಾರು ಎಂಬುದಕ್ಕಿಂತ ಅವರ ಬಿಡುಗಡೆಯ ಕಡತ ಯಾವ ತಿಂಗಳಲ್ಲಿ ಮುಂದೆ ಸರಿಯಿತು ಎಂಬುದು ಈ ಅಧ್ಯಯನಕ್ಕೆ ಮುಖ್ಯ.

ಹಿನ್ನೆಲೆ

2004ರ ಡಿಸೆಂಬರ್ 26ರ ಸುನಾಮಿ ಶ್ರೀಲಂಕಾದ ಕರಾವಳಿಯನ್ನು ನುಂಗಿತು. ಅದಾದ ಒಂದೇ ವಾರಕ್ಕೆ, 2005ರ ಜನವರಿ 1ರಂದು, ಯಾವ ದೇಶ ಎಷ್ಟು ರಫ್ತು ಮಾಡಬಹುದೆಂದು ನಿಗದಿಮಾಡಿ ಜಗತ್ತಿನ ಜವಳಿ ವ್ಯಾಪಾರವನ್ನು ಮೂರು ದಶಕ ಹಿಡಿದಿಟ್ಟಿದ್ದ ಕೋಟಾ ಪದ್ಧತಿ ಕೊನೆಗೊಂಡಿತು. ಕೋಟಾದ ರಕ್ಷಣೆಯಲ್ಲಿ ಬೆಳೆದಿದ್ದ ಶ್ರೀಲಂಕಾದ ಸಿದ್ಧ ಉಡುಪು ಉದ್ಯಮ ಚೀನಾದ ಎದುರು ಬರಿಗೈಯಲ್ಲಿ ನಿಂತಿತು. ಅದೇ ವರ್ಷ ಐರೋಪ್ಯ ಒಕ್ಕೂಟ ತನ್ನ ಹೊಸ ವಿಶೇಷ ಸುಂಕ ರಿಯಾಯಿತಿ ಯೋಜನೆಯನ್ನು, ಅಂದರೆ ಜಿಎಸ್‌ಪಿ ಪ್ಲಸ್ ಅನ್ನು, ಆರಂಭಿಸಿತು. ದಕ್ಷಿಣ ಏಷ್ಯಾದಲ್ಲಿ ಅದನ್ನು ಮೊದಲು ಪಡೆದದ್ದು ಶ್ರೀಲಂಕಾ.

ಯೋಜನೆಯ ಕರಾರು ಸರಳವಾಗಿತ್ತು. ಮಾನವ ಹಕ್ಕು, ಕಾರ್ಮಿಕ ಹಕ್ಕು, ಪರಿಸರ ಮತ್ತು ಉತ್ತಮ ಆಡಳಿತಕ್ಕೆ ಸಂಬಂಧಿಸಿದ 27 ಅಂತರರಾಷ್ಟ್ರೀಯ ಒಡಂಬಡಿಕೆಗಳನ್ನು ಒಪ್ಪಿಕೊಂಡು ಜಾರಿಗೊಳಿಸುವ ದೇಶದ ಸರಕಿಗೆ ಯುರೋಪಿನಲ್ಲಿ ಸುಂಕವಿಲ್ಲ. ಉಡುಪಿನ ಮೇಲೆ ಸಾಮಾನ್ಯ ಸುಂಕ ಶೇ 12. ಭಾರತದಂತಹ ದೇಶಗಳಿಗೆ ಸಿಗುತ್ತಿದ್ದ ಸಾಧಾರಣ ರಿಯಾಯಿತಿಯಲ್ಲಿ ಅದು ಶೇ 9.6. ಜಿಎಸ್‌ಪಿ ಪ್ಲಸ್‌ನಲ್ಲಿ ಸೊನ್ನೆ. ಒಂದು ಶರ್ಟಿಗೆ ಕೆಲವು ಸೆಂಟುಗಳ ಲಾಭದ ಮೇಲೆ ನಡೆಯುವ ಉದ್ಯಮಕ್ಕೆ ಈ ಶೇ 9.6 ಎಂದರೆ ಆದೇಶ ಉಳಿಯುವುದು ಅಥವಾ ಕೈತಪ್ಪುವುದು. ಆಗ ಶ್ರೀಲಂಕಾದ ಉಡುಪು ರಫ್ತಿನ ಸುಮಾರು ಅರ್ಧ ಭಾಗ ಯುರೋಪಿಗೆ ಹೋಗುತ್ತಿತ್ತು. ಉದ್ಯಮ ನೇರವಾಗಿ ಸುಮಾರು 3 ಲಕ್ಷ ಜನರಿಗೆ ಕೆಲಸ ಕೊಟ್ಟಿತ್ತು. ಅವರಲ್ಲಿ ಬಹುಪಾಲು ಹಳ್ಳಿಗಳಿಂದ ಬಂದು ಕಟುನಾಯಕದಂತಹ ಮುಕ್ತ ವ್ಯಾಪಾರ ವಲಯಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ತುಂಬಿಕೊಂಡಿದ್ದ ಯುವತಿಯರು. ಪೀಣ್ಯದಲ್ಲೋ ಹೊಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್ ಬಿಡುವ ಹೊತ್ತನ್ನು ಕಂಡ ಓದುಗರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದದ ಮೇಲಿನ ಪಾಲನೆ

ಸಮಸ್ಯೆಯ ಬೀಜ ಆರಂಭದಲ್ಲೇ ಇತ್ತು. ಶ್ರೀಲಂಕಾ 27 ಒಡಂಬಡಿಕೆಗಳಿಗೂ ಸಹಿ ಹಾಕಿತ್ತು. ಆದರೆ ಭಯೋತ್ಪಾದನೆ ತಡೆ ಕಾಯ್ದೆ ಹಾಗೆಯೇ ಇತ್ತು. 1979ರಲ್ಲಿ ತಾತ್ಕಾಲಿಕ ಎಂದು ತಂದ ಈ ಕಾಯ್ದೆಯನ್ನು 1982ರಲ್ಲಿ ಕಾಯಂಗೊಳಿಸಲಾಯಿತು. ಸಚಿವರ ಆದೇಶವೊಂದರ ಮೇಲೆ ವ್ಯಕ್ತಿಯೊಬ್ಬನನ್ನು 18 ತಿಂಗಳವರೆಗೆ ಆರೋಪಪಟ್ಟಿಯಿಲ್ಲದೆ ಬಂಧನದಲ್ಲಿ ಇಡಬಹುದಾಗಿತ್ತು. ಸಹಾಯಕ ಸೂಪರಿಂಟೆಂಡೆಂಟ್ ಅಥವಾ ಅದಕ್ಕಿಂತ ಮೇಲಿನ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತಿತ್ತು. ಕತ್ತಲ ಕೋಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಟಾಡಾ ಮತ್ತು ಪೋಟಾ ಕಾಯ್ದೆಗಳ ಚರಿತ್ರೆ ಓದಿದವರು ಬಲ್ಲರು.

2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ಪೆಟ್ಟು ಕೊಟ್ಟಿತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಅಡಿಯಲ್ಲಿ ವ್ಯಕ್ತಿಗಳು ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ಅವಕಾಶ ನೀಡುವ ಐಚ್ಛಿಕ ಒಪ್ಪಂದಕ್ಕೆ ದೇಶ ಸೇರಿದ್ದೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಸುಂಕ ರಿಯಾಯಿತಿ ಕೈತಪ್ಪೀತು ಎಂಬ ಆತಂಕ ಹುಟ್ಟಿತು. ಸರ್ಕಾರ 2007ರಲ್ಲಿ ಆ ಒಡಂಬಡಿಕೆಯ ಹೆಸರನ್ನೇ ಹೊತ್ತ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದು ಒಡಂಬಡಿಕೆಯ ಕೆಲವೇ ಹಕ್ಕುಗಳನ್ನು ಒಳಗೊಂಡಿತ್ತು. ಜನಾಂಗ ಅಥವಾ ಧರ್ಮದ ಹೆಸರಿನಲ್ಲಿ ದ್ವೇಷ ಕೆರಳಿಸುವುದನ್ನು ಅಪರಾಧವಾಗಿಸುವ ವಿಧಿಯೊಂದೂ ಅದರಲ್ಲಿತ್ತು. ಆ ವಿಧಿಯಡಿ ಜಾಮೀನು ಬೇಕಾದರೆ ಹೈಕೋರ್ಟಿಗೇ ಹೋಗಬೇಕಿತ್ತು. 2008ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ದೇಶದ ಕಾನೂನುಗಳು ಒಡಂಬಡಿಕೆಗೆ ಅನುಗುಣವಾಗಿವೆ ಎಂಬ ಅಭಿಪ್ರಾಯವನ್ನೂ ಕೊಟ್ಟಿತು. ಕಾಗದಪತ್ರ ಪೂರ್ಣವಾಯಿತು. ಈ 2007ರ ಕಾಯ್ದೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಮತ್ತೆ ಬರುತ್ತದೆ.

ಅಷ್ಟರಲ್ಲಿ ಸೇನೆ ಮತ್ತು ತಮಿಳು ಪ್ರತ್ಯೇಕತಾವಾದಿ ಎಲ್‌ಟಿಟಿಇ ನಡುವಿನ ಯುದ್ಧ ಕೊನೆಯ ಘಟ್ಟಕ್ಕೆ ಬಂದಿತ್ತು. ಅಪಹರಣ, ನಾಪತ್ತೆ, ಪತ್ರಕರ್ತರ ಕೊಲೆಗಳ ವರದಿಗಳು ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ತಲುಪುತ್ತಿದ್ದವು. 2008ರ ಅಕ್ಟೋಬರ್‌ನಲ್ಲಿ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ತನಿಖೆ ಆರಂಭಿಸಿ, ಮೂವರು ಸ್ವತಂತ್ರ ತಜ್ಞರಿಗೆ ಪರಿಶೀಲನೆಯನ್ನು ಒಪ್ಪಿಸಿತು. ತನಿಖೆಗೆ ಸಹಕರಿಸುವುದಿಲ್ಲ ಎಂದು ಕೊಲಂಬೊ ಹೇಳಿತು. ಇಡೀ ಪ್ರಕರಣದ ಮೊದಲ ನಿರ್ಣಾಯಕ ಆಯ್ಕೆಯೂ ಇದೇ ಹಂತದಲ್ಲಿ ಆಯಿತು. ತನಿಖೆಯ ವ್ಯಾಪ್ತಿಯನ್ನು ಆಯೋಗ ಮೂರು ಒಡಂಬಡಿಕೆಗಳಿಗೆ ಸೀಮಿತಗೊಳಿಸಿತು: ನಾಗರಿಕ ಮತ್ತು ರಾಜಕೀಯ ಹಕ್ಕುಗಳದು, ಚಿತ್ರಹಿಂಸೆ ವಿರೋಧಿಯಾದದ್ದು, ಮಕ್ಕಳ ಹಕ್ಕುಗಳದು. ಯುದ್ಧದ ಸ್ವರೂಪ ನೋಡಿದರೆ ಆ ಮೂರನ್ನು ಹಿಡಿದದ್ದು ಸಹಜ. ಕಾರ್ಮಿಕ ಸಂಘಟನೆಯ ಹಕ್ಕಿನ ಒಡಂಬಡಿಕೆಗಳು ಮಾತ್ರ ಆ ಪಟ್ಟಿಯಿಂದ ಹೊರಗೆ ಉಳಿದವು.

ಒತ್ತಡದ ದಿನಗಳು, ಹಿಂತೆಗೆತ

2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಸುಮಾರು 2.8 ಲಕ್ಷ ತಮಿಳರನ್ನು ವವುನಿಯಾ ಸುತ್ತಲಿನ ಶಿಬಿರಗಳಲ್ಲಿ ತಂತಿ ಬೇಲಿಯೊಳಗೆ ಇರಿಸಲಾಗಿತ್ತು. ಆಗಸ್ಟ್ 31ರಂದು ಕೊಲಂಬೊ ಹೈಕೋರ್ಟ್ ಒಬ್ಬ ತಮಿಳು ಪತ್ರಕರ್ತನಿಗೆ 20 ವರ್ಷಗಳ ಕಠಿಣ ಸಜೆ ವಿಧಿಸಿತು. ಅವನ ಅಪರಾಧ, ಮಾಸಪತ್ರಿಕೆಯೊಂದರಲ್ಲಿ ಸೇನೆಯನ್ನು ಟೀಕಿಸಿ ಬರೆದ ಲೇಖನಗಳು. ಬಳಸಿದ ಕಾನೂನು, ಭಯೋತ್ಪಾದನೆ ತಡೆ ಕಾಯ್ದೆ. ಅಕ್ಟೋಬರ್‌ನಲ್ಲಿ ಐರೋಪ್ಯ ಆಯೋಗದ ತನಿಖಾ ವರದಿ ಹೊರಬಂದು, ಮೂರೂ ಒಡಂಬಡಿಕೆಗಳ ಪಾಲನೆಯಲ್ಲಿ ಗಂಭೀರ ಲೋಪವಿದೆ ಎಂದು ಹೇಳಿತು.

ಇಲ್ಲಿಂದ ದಿನಾಂಕಗಳನ್ನು ಗಮನಿಸಬೇಕು. 2010ರ ಜನವರಿಯಲ್ಲಿ ಆ ಪತ್ರಕರ್ತನಿಗೆ ಜಾಮೀನು ಸಿಕ್ಕಿತು. ಫೆಬ್ರುವರಿ 15ರಂದು ಐರೋಪ್ಯ ಒಕ್ಕೂಟದ ಸಚಿವರ ಮಂಡಳಿ ರಿಯಾಯಿತಿಯನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ತೀರ್ಮಾನ ಆರು ತಿಂಗಳ ನಂತರ, ಆಗಸ್ಟ್ 15ರಂದು ಜಾರಿಗೆ ಬರಬೇಕಿತ್ತು. ಮೇ 3ರಂದು, ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನದಂದು, ಪತ್ರಕರ್ತನಿಗೆ ರಾಷ್ಟ್ರಪತಿಯ ಕ್ಷಮಾದಾನವಾಗಿದೆ ಎಂದು ಸರ್ಕಾರ ಪ್ರಕಟಿಸಿತು. ಅವನ ಬಿಡುಗಡೆಗೆ ಬೇರೆ ಬೇರೆ ದೇಶಗಳಿಂದ, ಪತ್ರಿಕಾ ಸಂಘಟನೆಗಳಿಂದ ಒತ್ತಾಯವಿತ್ತು. ಹಾಗಾಗಿ ಯಶಸ್ಸನ್ನು ಬ್ರಸೆಲ್ಸ್ ಒಂದಕ್ಕೇ ಬರೆಯಲಾಗದು. ಆದರೂ ತಕ್ಕಡಿ ಇನ್ನೂ ತೂಗುತ್ತಿದ್ದ ಆ ತಿಂಗಳುಗಳಲ್ಲೇ ಸೆರೆಮನೆಯ ಬೀಗ ತೆರೆಯಿತು ಎಂಬುದು ಸಣ್ಣ ಸಂಗತಿಯಲ್ಲ.

ಜೂನ್‌ನಲ್ಲಿ ಆಯೋಗ ಕೊನೆಯ ಪ್ರಸ್ತಾವ ಕಳುಹಿಸಿತು. 15 ಷರತ್ತುಗಳನ್ನು ಈಡೇರಿಸುವುದಾಗಿ ಜುಲೈ 1ರೊಳಗೆ ಲಿಖಿತವಾಗಿ ಒಪ್ಪಿಕೊಂಡರೆ ಇನ್ನೂ ಆರು ತಿಂಗಳು ರಿಯಾಯಿತಿ ಮುಂದುವರಿಯುತ್ತದೆ ಎಂದಿತು. ಪೊಲೀಸ್ ಮತ್ತು ಮಾನವ ಹಕ್ಕು ಆಯೋಗಗಳಂತಹ ಸಂಸ್ಥೆಗಳಿಗೆ ಸ್ವತಂತ್ರ ನೇಮಕಾತಿ ಆಗುವಂತೆ ಸಂವಿಧಾನದ 17ನೇ ತಿದ್ದುಪಡಿಯ ಉದ್ದೇಶವನ್ನು ಈಡೇರಿಸುವುದು, ತುರ್ತು ನಿಯಮಗಳ ರದ್ದತಿ, ಭಯೋತ್ಪಾದನೆ ತಡೆ ಕಾಯ್ದೆಯ ಕೆಲವು ವಿಧಿಗಳ ರದ್ದತಿ, ಬಂಧನವಾದ ಕೂಡಲೇ ವಕೀಲರ ಭೇಟಿ, ಬಂಧನದಲ್ಲಿದ್ದ ಮಾಜಿ ಎಲ್‌ಟಿಟಿಇ ಸದಸ್ಯರ ಪಟ್ಟಿಯ ಪ್ರಕಟಣೆ ಮುಂತಾದವು ಆ ಪಟ್ಟಿಯಲ್ಲಿದ್ದವು. ಒಂದೊಂದನ್ನೂ ಓದಿದರೆ ನ್ಯಾಯವಾದ ಬೇಡಿಕೆಗಳೇ. ಆದರೆ ಒಟ್ಟಿಗೆ ಹದಿನೈದು, ಅದೂ ಎರಡು ವಾರಗಳ ಗಡುವಿನಲ್ಲಿ, ಯುದ್ಧ ಗೆದ್ದು ಎರಡು ಚುನಾವಣೆಗಳನ್ನೂ ಗೆದ್ದ ಸರ್ಕಾರದ ಮುಂದೆ. ಸಾರ್ವಭೌಮತೆಗೆ ಧಕ್ಕೆ ಎಂದು ಸರ್ಕಾರ ತಿರಸ್ಕರಿಸಿತು, ಮತ್ತು ದೇಶದೊಳಗೆ ಅದರಿಂದ ಅದಕ್ಕೆ ಜನಪ್ರಿಯತೆಯೇ ಹೆಚ್ಚಿತು. ಹಿಂದಿನ ವಸಾಹತು ಒಡೆಯರು ಮತ್ತೆ ಆಜ್ಞೆ ಮಾಡಲು ಬಂದಿದ್ದಾರೆ ಎಂಬ ಭಾವನೆ ಕೆರಳಿದ ಕಡೆ ಕಾನೂನಿನ ಸೂಕ್ಷ್ಮ ಯಾರ ಕಿವಿಗೂ ಬೀಳುವುದಿಲ್ಲ.

ಆಗಸ್ಟ್ 15ಕ್ಕೆ ರಿಯಾಯಿತಿ ಹೋಯಿತು. ಒಂದು ತಿಂಗಳೂ ತುಂಬುವ ಮೊದಲು, ಸೆಪ್ಟೆಂಬರ್‌ನಲ್ಲಿ, ಸಂಸತ್ತು 18ನೇ ತಿದ್ದುಪಡಿಯನ್ನು ಅಂಗೀಕರಿಸಿತು. ರಾಷ್ಟ್ರಪತಿ ಎರಡೇ ಅವಧಿಗೆ ಇರಬಹುದೆಂಬ ಮಿತಿಯನ್ನು ಅದು ತೆಗೆದುಹಾಕಿತು, ಸ್ವತಂತ್ರ ನೇಮಕಾತಿಗಳಿಗಾಗಿ 17ನೇ ತಿದ್ದುಪಡಿ ತಂದಿದ್ದ ಸಂವಿಧಾನ ಪರಿಷತ್ತನ್ನೂ ರದ್ದುಮಾಡಿತು. ಯುರೋಪ್ ಕೇಳಿದ್ದ ಪ್ರಮುಖ ಷರತ್ತುಗಳಲ್ಲಿ ಒಂದರ ನೇರ ವಿರುದ್ಧ ದಿಕ್ಕಿಗೆ ದೇಶ ಹೊರಟಿತು. ಕಳೆದುಕೊಳ್ಳಲು ಇನ್ನೇನೂ ಉಳಿಯದ ಸರ್ಕಾರವನ್ನು ತಡೆಯಲು ಬ್ರಸೆಲ್ಸ್ ಕೈಯಲ್ಲಿ ಸುಂಕದ ಅಸ್ತ್ರ ಇರಲಿಲ್ಲ. ತುರ್ತು ನಿಯಮಗಳು 2011ರ ಆಗಸ್ಟ್‌ನಲ್ಲಿ ಕೊನೆಗೊಂಡವು ಎಂಬುದನ್ನೂ ಹೇಳಬೇಕು. ಆದರೆ ಭಯೋತ್ಪಾದನೆ ತಡೆ ಕಾಯ್ದೆ ಉಳಿದುಕೊಂಡದ್ದರಿಂದ ಬಂಧಿತರ ಬದುಕಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ.

ಕಟುನಾಯಕ, 2011ರ ಮೇ 30

ಉದ್ಯಮ ಕುಸಿಯುತ್ತದೆ ಎಂದು ಹಲವರು ಹೆದರಿದ್ದರು. ಅದು ಕುಸಿಯಲಿಲ್ಲ. ಜವಳಿ ಮತ್ತು ಉಡುಪು ರಫ್ತು 2011ರಲ್ಲಿ 400 ಕೋಟಿ ಡಾಲರ್ ದಾಟಿತು. ಒಳಉಡುಪು, ಕ್ರೀಡಾ ಉಡುಪುಗಳಂತಹ ದುಬಾರಿ ಸರಕಿನತ್ತ ಹೊರಳಿದ್ದ ದೊಡ್ಡ ಕಂಪನಿಗಳು ಸುಂಕವನ್ನು ತಾಳಿಕೊಂಡವು. ಬೆಲೆಯೊಂದನ್ನೇ ನಂಬಿ ಆದೇಶ ಹಿಡಿಯುತ್ತಿದ್ದ ಸಣ್ಣ ಕಾರ್ಖಾನೆಗಳಿಗೆ ಆ ಶಕ್ತಿ ಇರಲಿಲ್ಲ. ಬಾಂಗ್ಲಾದೇಶದ ಉಡುಪಿಗೆ ಸುಂಕವಿರಲಿಲ್ಲ, 2011ರಿಂದ ಅತಿ ಹಿಂದುಳಿದ ದೇಶಗಳಿಗೆ ಬಟ್ಟೆಯ ಮೂಲದ ನಿಯಮವನ್ನೂ ಯುರೋಪ್ ಸಡಿಲಿಸಿತ್ತು. ಎಲ್ಲಿಂದಲೋ ಬಟ್ಟೆ ತಂದು ಹೊಲಿದರೂ ಅವರಿಗೆ ರಿಯಾಯಿತಿ ಸಿಗುತ್ತಿತ್ತು. ಪೈಪೋಟಿ ಹೆಚ್ಚಿದಾಗ ಖರೀದಿದಾರ ಕಾರ್ಖಾನೆಯನ್ನು ಒತ್ತುತ್ತಾನೆ, ಕಾರ್ಖಾನೆ ಹೊಲಿಗೆ ಸಾಲಿನ ಗುರಿಯನ್ನು ಏರಿಸುತ್ತದೆ. ರಾಜತಾಂತ್ರಿಕ ಪತ್ರವ್ಯವಹಾರದ ಎರಡೂ ತುದಿಗಳಲ್ಲಿ ಆ ಸಾಲಿನ ಹೆಣ್ಣುಮಕ್ಕಳು ಇರಲಿಲ್ಲ.

ಹಿಂತೆಗೆತವಾಗಿ ಒಂದು ವರ್ಷ ತುಂಬುವ ಮೊದಲೇ ಸರ್ಕಾರ ಖಾಸಗಿ ವಲಯಕ್ಕೆ ಪಿಂಚಣಿ ಮಸೂದೆಯೊಂದನ್ನು ತಂದಿತು. ತಾವು ಉಳಿತಾಯ ಮಾಡಿದ ಹಣ ಕೈಗೆ ಸಿಗದಂತಾಗುತ್ತದೆ ಎಂದು ಕಾರ್ಮಿಕರು ಭಯಪಟ್ಟರು. ಐದಾರು ವರ್ಷ ದುಡಿದು, ಕೂಡಿಟ್ಟ ಹಣ ಹಿಡಿದು ಊರಿಗೆ ಮರಳಿ ಮದುವೆಯಾಗುವುದು ಅಲ್ಲಿನ ಬಹಳಷ್ಟು ಯುವತಿಯರ ಯೋಜನೆ. ಮೇ 30ರಂದು ಕಟುನಾಯಕ ವಲಯದಲ್ಲಿ ಸಾವಿರಾರು ಜನ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಗಾಯಗೊಂಡವರಲ್ಲಿ ಇಪ್ಪತ್ತರ ಹರೆಯದ ಕಾರ್ಮಿಕನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು, ಮಸೂದೆಯನ್ನು ಸರ್ಕಾರ ಹಿಂತೆಗೆದುಕೊಂಡಿತು.

ಬೆಂಗಳೂರಿನ ಓದುಗರಿಗೆ ಇದು 2016ರ ಏಪ್ರಿಲ್ ತಿಂಗಳನ್ನು ನೆನಪಿಸುತ್ತದೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಯಾವ ದೊಡ್ಡ ಸಂಘಟನೆಯ ಕರೆಗೂ ಕಾಯದೆ, ಹೊಸೂರು ರಸ್ತೆಯನ್ನು ತುಂಬಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಕೈಬಿಟ್ಟಿತು. ಎರಡೂ ಕಡೆ ಸರ್ಕಾರವನ್ನು ಮಣಿಸಿದ್ದು ಸ್ವತಃ ಕಾರ್ಮಿಕರು, ಹೊರಗಿನ ಯಾವ ರಾಜಧಾನಿಯೂ ಅಲ್ಲ.

ಕಟುನಾಯಕದ ಘಟನೆ ಈ ಅಧ್ಯಯನದ ನಡುವೆ ನಿಲ್ಲಲು ಕಾರಣವಿದೆ. ಹಿಂತೆಗೆತದ ಭಾರ ಬಿದ್ದದ್ದು ಉಡುಪು ಕಾರ್ಮಿಕರ ಮೇಲೆ. ಆದರೆ ಯುರೋಪ್ ಮುಂದಿಟ್ಟ 15 ಷರತ್ತುಗಳಲ್ಲಿ ಅವರಿಗೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಮುಕ್ತ ವ್ಯಾಪಾರ ವಲಯಗಳಲ್ಲಿ ಸ್ವತಂತ್ರ ಸಂಘಗಳ ಬದಲಿಗೆ ನೌಕರರ ಮಂಡಳಿಗಳನ್ನು ಮುಂದೆ ಮಾಡಲಾಗುತ್ತಿತ್ತು. ಮಾಲೀಕರೊಂದಿಗೆ ಸಾಮೂಹಿಕ ಚೌಕಾಶಿಯ ಮಾನ್ಯತೆ ಬೇಕಾದರೆ ಸಂಘಕ್ಕೆ ಶೇ 40ರಷ್ಟು ಕಾರ್ಮಿಕರ ಸದಸ್ಯತ್ವ ಇರಬೇಕಿತ್ತು. ಸಂಘಟನಾ ಸ್ವಾತಂತ್ರ್ಯದ ಒಡಂಬಡಿಕೆ ಆ 27ರಲ್ಲೇ ಇತ್ತು. ಅದೊಂದನ್ನು ಪಟ್ಟಿಗೆ ಸೇರಿಸಿದ್ದರೆ, ರಿಯಾಯಿತಿ ಉಳಿಯಲಿ ಮತ್ತು ಷರತ್ತೂ ಈಡೇರಲಿ ಎಂದು ಎರಡನ್ನೂ ಒಟ್ಟಿಗೆ ಕೇಳಲು 3 ಲಕ್ಷ ಜನರಿಗೆ ಸ್ವಂತ ಕಾರಣ ಸಿಗುತ್ತಿತ್ತು. ಆಗ ಸಾರ್ವಭೌಮತೆಯ ಕೂಗಿಗೆ ದೇಶದೊಳಗಿಂದಲೇ ಉತ್ತರ ಕೊಡುವವರು ಇರುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಯುರೋಪ್ ಮಾಡಿದ ಅತಿ ದೊಡ್ಡ ತಪ್ಪು ಇದು.

ಮರಳಿಸಿದ ರೀತಿ

2015ರ ಜನವರಿ 8ರಂದು ಶ್ರೀಲಂಕಾದ ಮತದಾರರು ಸುಮಾರು ಹತ್ತು ವರ್ಷದ ರಾಜಪಕ್ಸ ಆಳ್ವಿಕೆಯನ್ನು ಬದಲಿಸಿದರು. ರಿಯಾಯಿತಿ ಹೋಗಿ ನಾಲ್ಕೂವರೆ ವರ್ಷವಾಗಿತ್ತು. ಭ್ರಷ್ಟಾಚಾರ, ಕುಟುಂಬ ರಾಜಕಾರಣ, ಆಡಳಿತ ಪಕ್ಷದ ಒಡಕು, ಅಲ್ಪಸಂಖ್ಯಾತರ ಒಗ್ಗಟ್ಟಿನ ಮತ ಸೇರಿ ಆದ ಬದಲಾವಣೆ ಅದು. ಅದರ ಗೌರವ ಶ್ರೀಲಂಕಾದ ಜನರಿಗೇ ಸಲ್ಲಬೇಕು.

ಹೊಸ ಸರ್ಕಾರ ಅದೇ ವರ್ಷದ ಏಪ್ರಿಲ್‌ನಲ್ಲಿ 19ನೇ ತಿದ್ದುಪಡಿಯ ಮೂಲಕ ರಾಷ್ಟ್ರಪತಿಯ ಅವಧಿಯ ಮಿತಿಯನ್ನು ಮತ್ತು ಸಂವಿಧಾನ ಪರಿಷತ್ತನ್ನು ಮರಳಿ ತಂದಿತು. ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಯುದ್ಧಕಾಲದ ಹೊಣೆಗಾರಿಕೆ ಕುರಿತ ನಿರ್ಣಯವನ್ನು ತಾನೇ ಸಹಪ್ರಾಯೋಜಿಸಿತು. 2016ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು, ನಾಪತ್ತೆಯಾದವರ ಕಚೇರಿಗೆ ಕಾನೂನು ಬಂತು. ಭಯೋತ್ಪಾದನೆ ತಡೆ ಕಾಯ್ದೆಯನ್ನು ರದ್ದುಮಾಡುವ ಭರವಸೆಯೂ ಇತ್ತು. ಸುಂಕ ರಿಯಾಯಿತಿಗೆ ಮತ್ತೆ ಅರ್ಜಿ ಹೋಯಿತು.

ಇಲ್ಲಿ ಯುರೋಪಿನ ಮುಂದೆ ಕಠಿಣ ಆಯ್ಕೆ ಇತ್ತು. ಮಾನವ ಹಕ್ಕು ಸಂಘಟನೆಗಳಲ್ಲೇ ಎರಡು ಅಭಿಪ್ರಾಯಗಳಿದ್ದವು. ಕಾಯ್ದೆ ರದ್ದಾಗುವವರೆಗೆ ತಡೆಯಿರಿ ಎಂದು ಕೆಲವರು ಹೇಳಿದರು. ಸುಧಾರಣೆಗೆ ಕೈ ಹಾಕಿದ ಸರ್ಕಾರಕ್ಕೆ ಜನರ ಮುಂದೆ ತೋರಿಸಲು ಫಲ ಬೇಕು, ಇಲ್ಲದಿದ್ದರೆ ಹಳಬರೇ ಮರಳುತ್ತಾರೆ ಎಂದು ಬೇರೆಯವರು ಹೇಳಿದರು. ಎರಡೂ ವಾದಗಳಲ್ಲಿ ಹುರುಳಿತ್ತು. ಐರೋಪ್ಯ ಸಂಸತ್ತಿನಲ್ಲಿ ತಡೆ ನಿರ್ಣಯ ಸೋತಿತು, 2017ರ ಮೇ 19ರಂದು ರಿಯಾಯಿತಿ ಪೂರ್ಣವಾಗಿ ಮರಳಿತು. ಕಾಯ್ದೆ ರದ್ದಾಗಲಿಲ್ಲ. ಬದಲಿ ಮಸೂದೆ 2018ರಲ್ಲಿ ಸಂಸತ್ತಿಗೆ ಬಂದರೂ ಅಂಗೀಕಾರವಾಗದೆ ಉಳಿಯಿತು. ಬೆಲೆ ಪೂರ್ತಿ ಸಂದಾಯವಾಗುವ ಮೊದಲೇ ಸರಕು ಕೈ ಸೇರಿದ್ದರಿಂದ ಒಳಗಿನ ಸುಧಾರಕರ ಮಾತಿನ ತೂಕ ಕಡಿಮೆಯಾಯಿತು.

2019ರ ಏಪ್ರಿಲ್ 21ರಂದು ಇಸ್ಲಾಮಿ ಉಗ್ರರು ನಡೆಸಿದ ಈಸ್ಟರ್ ಬಾಂಬ್ ದಾಳಿಯ ನಂತರ ಆ ಹಳೆಯ ಕಾಯ್ದೆ ಹೊಸ ಉತ್ಸಾಹದಿಂದ ಬಳಕೆಗೆ ಬಂತು, ಈ ಬಾರಿ ಮುಸ್ಲಿಮರ ಮೇಲೆ. 2007ರ ಕಾಯ್ದೆಯೂ ಜೊತೆಗೆ ಎದ್ದು ಬಂತು. ದಾಳಿಗೆ ಮೂರು ವಾರ ಮೊದಲೇ ಸಿಂಹಳ ಕಥೆಗಾರನೊಬ್ಬನನ್ನು ಅದರ ಅಡಿಯಲ್ಲಿ ಬಂಧಿಸಲಾಗಿತ್ತು. ಬೌದ್ಧ ವಿಹಾರದೊಳಗಿನ ಲೈಂಗಿಕ ದೌರ್ಜನ್ಯವನ್ನು ಸೂಚಿಸುವ ಸಣ್ಣಕಥೆಯೊಂದನ್ನು ಅವನು ಫೇಸ್‌ಬುಕ್‌ನಲ್ಲಿ ಹಾಕಿದ್ದ. ನಾಲ್ಕು ತಿಂಗಳು ಸೆರೆಯಲ್ಲಿದ್ದು ಆಗಸ್ಟ್‌ನಲ್ಲಿ ಜಾಮೀನಿನ ಮೇಲೆ ಹೊರಬಂದ, ಪ್ರಕರಣ ಕೈಬಿಡಲು 2021ರವರೆಗೆ ಕಾಯಬೇಕಾಯಿತು. 2019ರ ಮೇ ತಿಂಗಳಲ್ಲಿ ಮುಸ್ಲಿಂ ಮಹಿಳೆಯೊಬ್ಬರನ್ನು, ಅವರ ಉಡುಪಿನ ಮೇಲೆ ಅಚ್ಚಾಗಿದ್ದ ಹಡಗಿನ ಚುಕ್ಕಾಣಿ ಚಕ್ರ ಧರ್ಮಚಕ್ರದಂತೆ ಕಾಣುತ್ತದೆ ಎಂದು, ಅದೇ ಕಾಯ್ದೆಯಡಿ ಎರಡು ವಾರಕ್ಕೂ ಹೆಚ್ಚು ಕಾಲ ಬಂಧಿಸಿಡಲಾಯಿತು. ಮಾನವ ಹಕ್ಕುಗಳ ಒಡಂಬಡಿಕೆಯ ಹೆಸರು ಹೊತ್ತ, ಯುರೋಪಿನ ಷರತ್ತನ್ನು ಪೂರೈಸಲು ತಂದ ಕಾನೂನು ಮಾತನಾಡುವವರನ್ನೂ ಬಟ್ಟೆ ತೊಡುವವರನ್ನೂ ಸೆರೆಗೆ ತಳ್ಳಿತು. ಎಷ್ಟು ಒಡಂಬಡಿಕೆಗೆ ಸಹಿಯಾಯಿತು, ಎಷ್ಟು ಕಾಯ್ದೆ ಬಂತು ಎಂದು ಎಣಿಸುವ ವಿಧಾನದ ಅಪಾಯ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಎರಡನೆಯ ಎಚ್ಚರಿಕೆ

2019ರ ನವೆಂಬರ್‌ನಲ್ಲಿ ರಾಜಪಕ್ಸ ಕುಟುಂಬ ಮರಳಿ ಅಧಿಕಾರಕ್ಕೆ ಬಂತು, 2020ರ ಅಕ್ಟೋಬರ್‌ನಲ್ಲಿ 20ನೇ ತಿದ್ದುಪಡಿ 19ನೆಯದನ್ನು ಬಹುಮಟ್ಟಿಗೆ ಅಳಿಸಿತು. 2020ರ ಏಪ್ರಿಲ್‌ನಲ್ಲಿ ಮುಸ್ಲಿಂ ವಕೀಲರೊಬ್ಬರನ್ನು, ಮೇ ತಿಂಗಳಲ್ಲಿ ತಮಿಳಿನಲ್ಲಿ ಬರೆಯುವ ಯುವ ಕವಿಯೊಬ್ಬನನ್ನು ಭಯೋತ್ಪಾದನೆ ತಡೆ ಕಾಯ್ದೆಯಡಿ ಬಂಧಿಸಲಾಯಿತು. ಕವಿಯ ಮೇಲಿನ ಆರೋಪಕ್ಕೆ ಆಧಾರವಾದದ್ದು ಅವನ ಕವನ ಸಂಕಲನ.

2021ರ ಜೂನ್ 10ರಂದು ಐರೋಪ್ಯ ಸಂಸತ್ತು ಭಾರಿ ಬಹುಮತದಿಂದ ನಿರ್ಣಯ ಅಂಗೀಕರಿಸಿತು. ಕಾಯ್ದೆಯನ್ನು ರದ್ದುಮಾಡಬೇಕು, ಇಲ್ಲವಾದರೆ ರಿಯಾಯಿತಿಯ ತಾತ್ಕಾಲಿಕ ಹಿಂತೆಗೆತವನ್ನು ಆಯೋಗ ಪರಿಶೀಲಿಸಬೇಕು ಎಂದಿತು. 2010ರ ಪಟ್ಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿತ್ತು. ಗುರಿ ಒಂದೇ ಕಾಯ್ದೆ. ಜೊತೆಗೆ ವಕೀಲ ಮತ್ತು ಕವಿಯ ಪ್ರಕರಣಗಳನ್ನು ನಿರ್ಣಯ ಹೆಸರು ಹಿಡಿದು ಪ್ರಸ್ತಾಪಿಸಿತು. ಸೆಪ್ಟೆಂಬರ್ ಕೊನೆಯಲ್ಲಿ ಐರೋಪ್ಯ ಪರಿಶೀಲನಾ ತಂಡ ಕೊಲಂಬೊಗೆ ಬಂತು. ಡಿಸೆಂಬರ್‌ನಲ್ಲಿ ಕವಿಗೆ ಜಾಮೀನು, 2022ರ ಫೆಬ್ರುವರಿಯಲ್ಲಿ ವಕೀಲರಿಗೆ ಜಾಮೀನು. ಮಾರ್ಚ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಡಾಲರ್ ಖಾಲಿಯಾಗಿ, ಇಂಧನಕ್ಕೆ ಸಾಲುಗಟ್ಟಿದ್ದ ದೇಶಕ್ಕೆ ಆಗ ಯುರೋಪಿನ ಮಾರುಕಟ್ಟೆ ಪ್ರಾಣವಾಯುವಿನಂತೆ ಬೇಕಾಗಿತ್ತು.

ತಿದ್ದುಪಡಿಯನ್ನು ಹತ್ತಿರದಿಂದ ನೋಡಬೇಕು. ಸಚಿವರ ಆದೇಶದ ಮೇಲಿನ ಬಂಧನ 18 ತಿಂಗಳಿಂದ 12ಕ್ಕೆ ಇಳಿಯಿತು. ಮ್ಯಾಜಿಸ್ಟ್ರೇಟರು ಬಂಧಿತರನ್ನು ಭೇಟಿ ಮಾಡುವ ವ್ಯವಸ್ಥೆ ಬಂತು. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಮಾತ್ರ ಸಾಕ್ಷ್ಯವಾಗಿಯೇ ಉಳಿಯಿತು. ಚಿತ್ರಹಿಂಸೆಗೆ ಪ್ರೇರಣೆ ಕೊಡುವ ವಿಧಿ ಅದೇ ಆಗಿತ್ತು. ಜೂನ್‌ನಲ್ಲಿ ವಿದೇಶಾಂಗ ಸಚಿವರು ಜಿನೀವಾದಲ್ಲಿ, ಕಾಯ್ದೆಯ ಬಳಕೆಯನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದರು. ಜುಲೈನಲ್ಲಿ ಜನಾಂದೋಲನ ರಾಷ್ಟ್ರಪತಿಯನ್ನು ದೇಶ ಬಿಟ್ಟು ಓಡುವಂತೆ ಮಾಡಿತು. ಆಗಸ್ಟ್‌ನಲ್ಲಿ, ಹೊಸ ರಾಷ್ಟ್ರಪತಿಯ ಕಾಲದಲ್ಲಿ, ಆ ಆಂದೋಲನದಲ್ಲಿದ್ದ ವಿದ್ಯಾರ್ಥಿ ನಾಯಕರನ್ನು ಅದೇ ಕಾಯ್ದೆಯಡಿ ಬಂಧಿಸಲಾಯಿತು.

ಪ್ರಕರಣದಿಂದ ತಿಳಿಯುವುದು

ಎರಡು ಬಾರಿಯೂ ಒಂದೇ ಮಾದರಿ ಕಾಣುತ್ತದೆ. ಎಚ್ಚರಿಕೆ ತೂಗುತ್ತಿದ್ದಾಗ ಮನುಷ್ಯರು ಹೊರಬಂದರು: 2010ರಲ್ಲಿ ಪತ್ರಕರ್ತ, 2021–22ರಲ್ಲಿ ಕವಿ ಮತ್ತು ವಕೀಲ. ಕಾನೂನು ಮಾತ್ರ ಒಳಗೇ ಉಳಿಯಿತು. ಜಾಮೀನನ್ನು ಕೊಡುವುದು ಸರ್ಕಾರಕ್ಕೆ ಅಗ್ಗ, ಅಧಿಕಾರವನ್ನು ಬಿಟ್ಟುಕೊಡುವುದು ದುಬಾರಿ. ಇದನ್ನು ಹೇಳುವಾಗ ಬಿಡುಗಡೆಯನ್ನು ಕಡಿಮೆಯೆಂದು ಕಾಣುವ ಉದ್ದೇಶ ನನಗಿಲ್ಲ. 20 ವರ್ಷದ ಸಜೆ ಹೊತ್ತವನು ಮನೆಗೆ ಮರಳುವುದು ಯಾವ ನೀತಿಪತ್ರಕ್ಕಿಂತ ದೊಡ್ಡದು. ಆದ್ದರಿಂದ ಇಂಥ ಮಾತುಕತೆಗೆ ಕೂರುವ ಯಾವುದೇ ತಂಡ ಬಂಧಿತರ ಹೆಸರುಗಳ ಪಟ್ಟಿಯನ್ನು ಮೊದಲ ಪುಟದಲ್ಲಿಯೇ ಇಡಬೇಕು. ಅದರ ಕೆಳಗೆ ಕಾಯ್ದೆಯ ಹೆಸರನ್ನು ಬರೆದರೆ ಸಾಲದು, ವಿಧಿಯ ಸಂಖ್ಯೆಯನ್ನೇ ಬರೆಯಬೇಕು. 'ಸುಧಾರಿಸಿ' ಎಂದರೆ 18 ತಿಂಗಳು 12 ಆಗುತ್ತದೆ. 'ತಪ್ಪೊಪ್ಪಿಗೆಯ ವಿಧಿಯನ್ನು ತೆಗೆಯಿರಿ' ಎಂದಾಗ ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಇರಲು ಸಾಧ್ಯ.

ರಿಯಾಯಿತಿಯನ್ನು ಪೂರ್ತಿ ಕೊಡುವುದು ಅಥವಾ ಪೂರ್ತಿ ಕಿತ್ತುಕೊಳ್ಳುವುದು ಎಂಬ ಎರಡೇ ದಾರಿಗಳ ನಡುವೆ ಯುರೋಪ್ ಸಿಕ್ಕಿಕೊಂಡದ್ದೂ ತೊಂದರೆಗೆ ಕಾರಣವಾಯಿತು. 2020ರಲ್ಲಿ ಕಾಂಬೋಡಿಯಾದ ವಿಷಯದಲ್ಲಿ ಅದು ರಿಯಾಯಿತಿಯ ಸುಮಾರು ಐದನೇ ಒಂದು ಭಾಗವನ್ನಷ್ಟೇ ಹಿಂತೆಗೆಯಿತು. ಅಲ್ಲಿ ವಿರೋಧಪಕ್ಷಕ್ಕೆ ಅದರಿಂದ ಬಲ ಬರಲಿಲ್ಲ ಎಂಬುದು ನಿಜ. ಆದರೂ ಒತ್ತಡದ ಸನ್ನೆಕೋಲನ್ನು ಪೂರ್ತಿ ಕೈಬಿಡದೆ ಉಳಿಸಿಕೊಳ್ಳುವ ದಾರಿ ಇದೆ ಎಂದು ಅದು ತೋರಿಸಿತು. 2017ರಲ್ಲಿ ಶ್ರೀಲಂಕಾಕ್ಕೆ ಮರಳಿಸುವಾಗ ಹಂತಹಂತವಾಗಿ, ಸರಕಿನ ಗುಂಪುಗಳನ್ನು ವಿಧಿಗಳ ರದ್ದತಿಗೆ ಜೋಡಿಸಿ ಕೊಡಲು ಸಾಧ್ಯವಿದ್ದಿದ್ದರೆ, ಬಹುಶಃ ಆ ಕವಿಯನ್ನು ಬಂಧಿಸಲು ಕಾನೂನೇ ಇರುತ್ತಿರಲಿಲ್ಲ. ಯೋಜನೆಯ ನಿಯಮಗಳು ಅಂಥ ಹಂತಗಳಿಗೆ ಎಡೆ ಕೊಡುವುದಿಲ್ಲ, ಅವುಗಳನ್ನು ತಿದ್ದಬೇಕಾದವರು ಯುರೋಪಿನವರೇ.

ಒತ್ತಡ ಫಲಿಸಿದ್ದೆಲ್ಲ ದೇಶದೊಳಗಿನ ಜನ ಮೊದಲೇ ಅದಕ್ಕಾಗಿ ಹೋರಾಡುತ್ತಿದ್ದ ಕಡೆ. ಕಟುನಾಯಕದ ಕಾರ್ಮಿಕರು, 2015ರ ಮತದಾರರು, ಬಂಧಿತರ ಪರ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ವಕೀಲರು, ನಾಪತ್ತೆಯಾದ ಮಕ್ಕಳ ಫೋಟೊ ಹಿಡಿದು ರಸ್ತೆ ಬದಿಯಲ್ಲಿ ಕುಳಿತ ಉತ್ತರದ ತಾಯಂದಿರು. ಹೊರಗಿನ ಸುಂಕದ ಸನ್ನೆಕೋಲು ಇವರ ಕೆಲಸವನ್ನು ಸ್ವಲ್ಪ ಹಗುರ ಮಾಡಬಲ್ಲದು, ಅವರನ್ನು ಕೇಳದೆ ಎಳೆದರೆ ಅವರ ಮೇಲೆಯೇ ಬೀಳಬಲ್ಲದು. ಷರತ್ತುಗಳನ್ನು ಬರೆಯುವ ಮೇಜಿನ ಬಳಿ ಹೊಲಿಗೆ ಸಾಲಿನ ಪ್ರತಿನಿಧಿಗೆ ಕುರ್ಚಿ ಹಾಕಿ ಎಂಬುದು ಈ ಕಾರಣಕ್ಕೆ.

ಆ ಕವಿಯನ್ನು 2023ರ ಡಿಸೆಂಬರ್‌ನಲ್ಲಿ ಪುತ್ತಳಂ ಹೈಕೋರ್ಟ್ ದೋಷಮುಕ್ತಗೊಳಿಸಿತು, ಬಂಧನವಾಗಿ ಮೂರೂವರೆ ವರ್ಷಗಳ ನಂತರ. ಕಾಯ್ದೆಯನ್ನು ರದ್ದುಮಾಡುವ ಭರವಸೆಯೊಂದಿಗೆ 2024ರಲ್ಲಿ ಹೊಸ ಸರ್ಕಾರ ಬಂತು. 2025ರಲ್ಲಿ ಐರೋಪ್ಯ ಪರಿಶೀಲನಾ ತಂಡ ಮತ್ತೆ ಕೊಲಂಬೊಗೆ ಬಂದಾಗಲೂ 1979ರ ಆ ತಾತ್ಕಾಲಿಕ ಕಾಯ್ದೆ ಕಾನೂನು ಪುಸ್ತಕದಲ್ಲಿ ಇತ್ತು. ರಿಯಾಯಿತಿಯ ನಿಯಮಾವಳಿಯನ್ನು 2023ರಲ್ಲಿ 2027ರ ಕೊನೆಯವರೆಗೆ ವಿಸ್ತರಿಸಲಾಗಿತ್ತು.